ಕಾಶ್ಮೀರಕ್ಕೆ ಹೊರಡುವ ಮೊದಲು ಸುಬ್ರಹ್ಮಣ್ಯಕ್ಕೆ ಹೋಗಿ ಬನ್ನಿ

ಉಪ್ಪಿನಂಗಡಿಯಲ್ಲಿ ಬಸ್ಸಿಗೆ ಕಾಯುವವರಿಗೆ ಈ ನೋಟ ಹೊಸತಲ್ಲ. ಹೆದ್ದಾರಿಯಲ್ಲಿ ಒಬ್ಬ ಯುವಕ ಸೈಕಲ್ ತುಳಿಯುತ್ತಾ ಬರುತ್ತಾನೆ. ಹಿಂದೆ ಬ್ಯಾಗು, ಸುತ್ತಿದ ಟೆಂಟು, ಒಂದು ಬಾವುಟ. ಎದುರಿಗೆ ಬೋರ್ಡು: ಕನ್ಯಾಕುಮಾರಿಯಿಂದ ಕಾಶ್ಮೀರ. ನಾವು ನಿಲ್ಲಿಸಿ ಮಾತಾಡಿಸುತ್ತೇವೆ, ಚಾ ಕುಡಿಸುತ್ತೇವೆ, ಒಂದು ಸೆಲ್ಫಿ ತೆಗೆದು ಸ್ಟೇಟಸ್ ಹಾಕುತ್ತೇವೆ. ಅವನು ಮುಂದೆ ಹೋಗುತ್ತಾನೆ. ಕಾಶ್ಮೀರ ಮುಟ್ಟಿದನೋ ಇಲ್ಲವೋ, ಆಮೇಲೆ ಯಾರೂ ಕೇಳುವುದಿಲ್ಲ.

ಈಗ ಅದೇ ಆಸೆ ನಮ್ಮ ಪೆರಾಬೆ, ಕುಂತೂರು, ಆಲಂಕಾರು ಕಡೆಯ ಹುಡುಗರಿಗೂ ಬಂದಿದೆ. ಆಸೆ ಒಳ್ಳೆಯದೇ. ಈಚೆಗೆ ಒಬ್ಬ ಹುಡುಗ ನಮಗೆ ಫೋನ್ ಮಾಡಿದ. "ಅಣ್ಣ, ಸೈಕಲಲ್ಲಿ ಲಡಾಖ್‌ಗೆ ಹೋಗ್ಲಿಕ್ಕುಂಟು. ಹೊರಡುವ ದಿನ ಒಂದು ಸುದ್ದಿ ಮಾಡ್ತೀರಾ?" ಎಂದು ಕೇಳಿದ. ಯಾವಾಗ ಹೊರಡುವುದು ಎಂದರೆ ಇನ್ನು ಹದಿನೈದು ದಿನದಲ್ಲಿ. ಇಲ್ಲಿಯವರೆಗೆ ಒಂದೇ ದಿನ ಎಷ್ಟು ದೂರ ಹೋಗಿದ್ದೀಯ ಎಂದರೆ, "ಕಡಬಕ್ಕೆ ಹೋಗಿ ಬಂದಿದ್ದೇನೆ" ಎಂದ.

ನಾವು ಆ ಸುದ್ದಿ ಮಾಡಲಿಲ್ಲ. ಅವನಿಗೆ ಬೇಸರ ಆಯಿತು. "ನಮ್ಮ ಊರಿನವರೇ ಸಪೋರ್ಟ್ ಮಾಡುವುದಿಲ್ಲ" ಎಂದು ಫೋನ್ ಇಟ್ಟ. ಈ ಲೇಖನ ಅವನಿಗೆ ಕೊಡಬೇಕಾಗಿದ್ದ ಉತ್ತರ. ಅವನ ಹಾಗೆ ಮನಸ್ಸಿನಲ್ಲೇ ದಾರಿ ಹಾಕಿಕೊಂಡಿರುವ ಉಳಿದವರೂ ಓದಬಹುದು.

ನಮ್ಮ ಅಭಿಪ್ರಾಯ ಇಷ್ಟೇ. ದೂರ ಸೈಕಲ್ ತುಳಿಯುವುದಕ್ಕೆ ಧೈರ್ಯ ಮಾತ್ರ ಸಾಲದು, ತರಬೇತಿ ಬೇಕು. ಆ ತರಬೇತಿಗೆ ಬೆಂಗಳೂರಿಗೆ ಹೋಗಬೇಕಾಗಿಲ್ಲ, ಲಕ್ಷ ರೂಪಾಯಿಯ ಸೈಕಲೂ ಬೇಡ. ನಮ್ಮ ರಸ್ತೆಗಳೇ ಅದಕ್ಕೆ ಒಳ್ಳೆಯ ಶಾಲೆ.

ಮೊದಲು ನಮ್ಮ ತಪ್ಪು ಹೇಳಿಕೊಳ್ಳೋಣ

ಪತ್ರಿಕೋದ್ಯಮ ಕಲಿತವರು ನಾವು. ಹೊರಟವನ ಸುದ್ದಿ ಬರೆಯುತ್ತೇವೆ. ಹಾರ, ಬಾವುಟ, ನಾಲ್ಕು ಗಣ್ಯರು, ಒಂದು ಫೋಟೋ. ಆದರೆ ನಾನೂರು ಕಿಲೋಮೀಟರಿಗೆ ಮಂಡಿ ಊದಿ ರೈಲು ಹತ್ತಿ ಬಂದವನ ಸುದ್ದಿ ಬರೆದದ್ದು ಯಾವಾಗ? ಅವನು ಮನೆಗೆ ಬಂದು ಎರಡು ತಿಂಗಳು ಮೆಟ್ಟಿಲು ಹತ್ತಲಿಕ್ಕೆ ಕಷ್ಟಪಟ್ಟದ್ದು ಸುದ್ದಿಯೇ ಆಗುವುದಿಲ್ಲ. ಹಾಗಾಗಿ ಮುಂದಿನವನಿಗೆ ಹೊರಡುವುದು ಮಾತ್ರ ಕಾಣುತ್ತದೆ. ಹೊರಡುವುದೇ ಸಾಧನೆ ಎಂದು ಅವನು ತಿಳಿದರೆ ಅದರಲ್ಲಿ ನಮ್ಮ ಪಾಲೂ ಉಂಟು.

ನಮ್ಮಲ್ಲೇ ಇಬ್ಬರು ಇದನ್ನು ಮೈಮೇಲೆ ಕಲಿತವರು. ಅಭ್ಯಾಸ ಇಲ್ಲದೆ ಒಂದು ದಿನ ಮಂಗಳೂರಿಗೆ ಹೋಗಿ ಬರುವ ಎಂದು ಹೊರಟರು. ಹೋಗುವಾಗ ಹಾಡು, ನಗು. ಬರುವಾಗ ಬಿ.ಸಿ. ರೋಡಿನಲ್ಲಿ ಒಬ್ಬನ ಮಂಡಿ ನಿಂತಿತು, ಇನ್ನೊಬ್ಬನಿಗೆ ಕಣ್ಣು ಕತ್ತಲೆ ಬಂತು. ಸೈಕಲನ್ನು ಪಿಕಪ್‌ಗೆ ಹಾಕಿ ಊರಿಗೆ ಬಂದರು. ಸೀಟು ತಗ್ಗಾಗಿತ್ತು, ಬೆಳಿಗ್ಗೆಯಿಂದ ಚಾ ಬಿಟ್ಟರೆ ಹೊಟ್ಟೆಗೆ ಏನೂ ಬಿದ್ದಿರಲಿಲ್ಲ. ಎರಡೂ ಮನೆಯಲ್ಲೇ ಸರಿಮಾಡಬಹುದಾಗಿದ್ದ ತಪ್ಪುಗಳು.

ಊರಿನಲ್ಲಿ ಇದು ಹೊಸ ವಿದ್ಯೆ ಅಲ್ಲ

ದೂರ ಸೈಕಲ್ ತುಳಿಯುವುದು ಪೇಟೆಯವರ ಹವ್ಯಾಸ ಎಂದು ಹೇಳುವವರು ಹಳೆಯ ಮೀನಿನವರನ್ನು ನೆನಪು ಮಾಡಿಕೊಳ್ಳಬೇಕು. ಎಂ80 ಬರುವ ಮೊದಲು ಮೀನು ಬರುತ್ತಿದ್ದದ್ದು ಸೈಕಲಿನಲ್ಲಿ. ಹಿಂದಿನ ಕ್ಯಾರಿಯರಿನಲ್ಲಿ ಬುಟ್ಟಿ, ಐಸು ಕರಗಿ ಸೋರುವ ನೀರು, ಕೈಯಲ್ಲಿ ಪೋಂ ಪೋಂ ಹಾರ್ನು. ಗೇರು ಇಲ್ಲದ ಕಬ್ಬಿಣದ ಸೈಕಲ್. ಏರು ಬಂದರೆ ಇಳಿದು ದೂಡುತ್ತಿದ್ದರು, ಅದರಲ್ಲಿ ನಾಚಿಕೆ ಇರಲಿಲ್ಲ. ಕತ್ತಲೆಗೆ ರಬ್ಬರ್ ಟ್ಯಾಪಿಂಗಿಗೆ ಹೋಗುವವರು, ಅಂಚೆಯಣ್ಣ, ಬ್ರೆಡ್ಡಿನವರು ಎಲ್ಲರೂ ಹಾಗೆಯೇ.

ಅವರು ಯಾರೂ ತರಬೇತಿ ಎಂಬ ಶಬ್ದ ಬಳಸಲಿಲ್ಲ. ಆದರೆ ಅವರ ಕೆಲಸದಲ್ಲೇ ತರಬೇತಿಯ ಮುಖ್ಯ ನಿಯಮಗಳೆಲ್ಲ ಇದ್ದವು. ದಿನಾ ಸ್ವಲ್ಪ ಸ್ವಲ್ಪ ತುಳಿದರು. ಒಂದೇ ಹದದಲ್ಲಿ ತುಳಿದರು, ಯಾರೊಂದಿಗೂ ರೇಸ್ ಹಾಕಲಿಲ್ಲ. ದಾರಿಯಲ್ಲಿ ನಿಂತು ನೀರು ಕುಡಿದರು, ಗಂಜಿ ಊಟ ಬಿಡಲಿಲ್ಲ. ಟಯರು, ಬ್ರೇಕು ತಾವೇ ನೋಡಿಕೊಂಡರು. ಇವತ್ತಿನ ಪುಸ್ತಕದ ತರಬೇತಿ ಇದಕ್ಕಿಂತ ಬಹಳ ಬೇರೆ ಏನೂ ಅಲ್ಲ.

ಜಗತ್ತಿನಲ್ಲಿ ಇದಕ್ಕೆ ಲೆಕ್ಕ ಉಂಟು

ದೂರ ಸೈಕ್ಲಿಂಗಿಗೆ ಜಗತ್ತಿನಾದ್ಯಂತ ನಡೆಯುವ ಒಂದು ಪದ್ಧತಿ ಇದೆ, ಅದಕ್ಕೆ ಬ್ರೆವೆ ಎನ್ನುತ್ತಾರೆ. ರೇಸ್ ಅಲ್ಲ. ಮೊದಲು ಬಂದವನಿಗೆ ಬಹುಮಾನ ಇಲ್ಲ. ಗಡುವಿನೊಳಗೆ ಮುಗಿಸಿದರೆ ಎಲ್ಲರೂ ಸಮಾನ. 200 ಕಿಲೋಮೀಟರಿಗೆ ಹದಿಮೂರೂವರೆ ಗಂಟೆ, 300ಕ್ಕೆ 20 ಗಂಟೆ, 400ಕ್ಕೆ 27 ಗಂಟೆ, 600ಕ್ಕೆ 40 ಗಂಟೆ. ಒಂದೇ ಋತುವಿನಲ್ಲಿ ಈ ನಾಲ್ಕನ್ನೂ ಮುಗಿಸಿದವರು ಸೂಪರ್ ರಾಂಡನೇರ್. ಬೆಂಗಳೂರು ಸೇರಿದಂತೆ ನಮ್ಮ ದೇಶದ ಹಲವು ಊರುಗಳಲ್ಲಿ ಇವು ನಡೆಯುತ್ತವೆ. ಪಂಕ್ಚರ್ ಆದರೆ ನೀವೇ ಹಾಕಬೇಕು, ಊಟ ನೀವೇ ನೋಡಿಕೊಳ್ಳಬೇಕು. ರಾತ್ರಿಗೆ ಲೈಟು, ಹೊಳೆಯುವ ಜಾಕೆಟ್ ಕಡ್ಡಾಯ.

ಲೆಕ್ಕ ಹಾಕಿ ನೋಡಿ. 200 ಕಿಲೋಮೀಟರಿಗೆ ಹದಿಮೂರೂವರೆ ಗಂಟೆ ಎಂದರೆ ನಿಂತದ್ದು, ತಿಂದದ್ದು ಎಲ್ಲ ಸೇರಿ ಗಂಟೆಗೆ 15 ಕಿಲೋಮೀಟರಿಗೂ ಸ್ವಲ್ಪ ಕಮ್ಮಿ. ವೇಗ ದೊಡ್ಡ ವಿಷಯವೇ ಅಲ್ಲ. ನಿಲ್ಲದೆ ಸಾಗುವುದು ದೊಡ್ಡ ವಿಷಯ.

ಈ ಪದ್ಧತಿಯ ದೊಡ್ಡ ಜಾತ್ರೆ ಫ್ರಾನ್ಸಿನ ಪ್ಯಾರಿಸ್-ಬ್ರೆಸ್ಟ್-ಪ್ಯಾರಿಸ್. 1891ರಲ್ಲಿ ಶುರುವಾದದ್ದು, ಈಗ ನಾಲ್ಕು ವರ್ಷಕ್ಕೊಮ್ಮೆ ನಡೆಯುತ್ತದೆ. ಸುಮಾರು 1200 ಕಿಲೋಮೀಟರ್, 90 ಗಂಟೆ. 2019ರಲ್ಲಿ ಭಾರತದಿಂದ ನೂರಾರು ಮಂದಿ ಹೋದರು. ಅವರಲ್ಲಿ ಬಹುಪಾಲು ಮಂದಿಗೆ ಗಡುವಿನೊಳಗೆ ಮುಗಿಸಲು ಆಗಲಿಲ್ಲ. ಅವರು ದುರ್ಬಲರೇನೂ ಅಲ್ಲ, ಇಲ್ಲಿ 600 ಕಿಲೋಮೀಟರ್ ಮುಗಿಸಿಯೇ ಹೋದವರು. ರಾತ್ರಿಯ ಚಳಿ ಒಂದು ಕಾರಣ. ಇನ್ನೊಂದು ಆ ರಸ್ತೆ. ಅಲ್ಲಿ ದೊಡ್ಡ ಬೆಟ್ಟ ಇಲ್ಲ, ಸಮತಟ್ಟೂ ಇಲ್ಲ. ಒಂದು ಸಣ್ಣ ಏರು, ಒಂದು ಇಳಿತ, ಮತ್ತೆ ಏರು. 1200 ಕಿಲೋಮೀಟರ್ ಇಡೀ ಹಾಗೆಯೇ. ಚತುಷ್ಪಥ ಹೆದ್ದಾರಿಯ ನೇರ ರಸ್ತೆಯಲ್ಲಿ ಅಭ್ಯಾಸ ಮಾಡಿದ ಕಾಲಿಗೆ ಅದು ಅಪರಿಚಿತ.

ಏರು, ಇಳಿತ, ತಿರುವು, ಮತ್ತೆ ಏರು. ನಮ್ಮ ಆಲಂಕಾರಿನಿಂದ ಕಡಬಕ್ಕೆ ಹೋಗುವ ರಸ್ತೆ ಹೇಗುಂಟು ಮಾರಾಯ್ರೆ? ನಾವು ದಿನಾ ಬೈಯುವ ಈ ಗುಡ್ಡೆಗಳೇ ನಮ್ಮ ಬಂಡವಾಳ. ಆಲಂಕಾರಿನಿಂದ ಶಾಂತಿಮೊಗರು ಸೇತುವೆ ದಾಟಿ ಸವಣೂರು, ಅಲ್ಲಿಂದ ಪುತ್ತೂರು, ಉಪ್ಪಿನಂಗಡಿ, ಆತೂರಿನ ಮೇಲೆ ಮತ್ತೆ ಆಲಂಕಾರು. ಈ ಒಂದು ಸುತ್ತಿನಲ್ಲಿ ಕಾಲಿಗೆ ಸಿಗುವ ಪಾಠ ನೇರ ಹೆದ್ದಾರಿಯಲ್ಲಿ ದಿನವಿಡೀ ತುಳಿದರೂ ಸಿಗುವುದಿಲ್ಲ.

ಹದಿನಾರು ವಾರ ಕೊಡಿ

ಸಾಮಾನ್ಯ ಆರೋಗ್ಯ ಇರುವ, ಊರಲ್ಲಿ ಕೆಲಸ ಮಾಡುವ ಒಬ್ಬರು 200 ಕಿಲೋಮೀಟರಿಗೆ ಸಿದ್ಧವಾಗಲು ಸುಮಾರು ನಾಲ್ಕು ತಿಂಗಳು ಸಾಕು. ಮಳೆ ನಿಂತ ಮೇಲೆ, ಅಕ್ಟೋಬರ್ ಕೊನೆಯಲ್ಲಿ ಶುರುಮಾಡಿದರೆ ಫೆಬ್ರವರಿಗೆ ಮುಗಿಯುತ್ತದೆ. ಬಿಸಿಲು ಏರುವ ಮೊದಲು.

ವಾರಕ್ಕೆ ಮೂರು ದಿನ ಸಾಕು. ಎರಡು ದಿನ ಮುಕ್ಕಾಲು ಗಂಟೆಯಿಂದ ಒಂದು ಗಂಟೆ, ಭಾನುವಾರ ದೂರದ ಸವಾರಿ. ಭಾನುವಾರದ ಲೆಕ್ಕ ಹೀಗೆ:

ಮೊದಲ ನಾಲ್ಕು ವಾರ: 20, 25, 30, 20 ಕಿಲೋಮೀಟರ್.
ಎರಡನೇ ನಾಲ್ಕು: 40, 50, 60, 40.
ಮೂರನೇ ನಾಲ್ಕು: 70, 85, 100, 60.
ಕೊನೆಯ ನಾಲ್ಕು: 110, 125, 60, ಆಮೇಲೆ 200.

ಪ್ರತಿ ನಾಲ್ಕನೇ ವಾರ ಯಾಕೆ ಕಮ್ಮಿ ಎಂದು ಕೇಳಬಹುದು. ಕಾಲು ಬಲವಾಗುವುದು ತುಳಿಯುವಾಗ ಅಲ್ಲ, ತುಳಿದ ನಂತರದ ವಿಶ್ರಾಂತಿಯಲ್ಲಿ. ಕೊನೆಯ ಸುತ್ತಿನಲ್ಲಿ ಮೂರನೇ ವಾರವೇ ಇಳಿಸಿದ್ದು ದೊಡ್ಡ ದಿನಕ್ಕೆ ಕಾಲು ತಾಜಾ ಇರಲಿ ಎಂದು. ಹುಮ್ಮಸ್ಸು ಬಂತೆಂದು ಎರಡನೇ ವಾರವೇ 80 ತುಳಿದರೆ ಮಂಡಿ ಹೇಳುತ್ತದೆ.

ಎಷ್ಟು ಜೋರು ತುಳಿಯಬೇಕು? ಪಕ್ಕದವನ ಜೊತೆ ಪೂರ್ತಿ ವಾಕ್ಯದಲ್ಲಿ ಮಾತಾಡಲು ಆಗಬೇಕು. ಏದುಸಿರು ಬಂದು ಮಾತು ತುಂಡಾದರೆ ಜೋರಾಯಿತು. ವಾರದ ನಡುವಿನ ಒಂದು ದಿನ ಮಾತ್ರ ಒಂದು ಗುಡ್ಡೆ ಆರಿಸಿ ಸೀಟಿನಲ್ಲೇ ಕೂತು ನಾಲ್ಕು ಸಲ ಏರಿ ಇಳಿಯಿರಿ. ಗೇರಿನ ಸೈಕಲ್ ಆದರೆ ಭಾರದ ಗೇರಿನಲ್ಲಿ ಮಂಡಿ ತಿಕ್ಕಬೇಡಿ, ಹಗುರ ಗೇರಿನಲ್ಲಿ ಕಾಲು ಬೇಗ ಬೇಗ ತಿರುಗಲಿ. ಗೇರಿಲ್ಲದ ಸೈಕಲ್ ಆದರೆ ಮೀನಿನವರ ಹಾಗೆ ಇಳಿದು ದೂಡಿ. ಗಡುವಿನಲ್ಲಿ ದೂಡುವುದಕ್ಕೂ ಸಮಯ ಉಂಟು.

ಸೀಟು, ಹೊಟ್ಟೆ, ನಿದ್ದೆ

ಮಂಡಿ ನೋವಿಗೆ ಮೊದಲ ಅನುಮಾನ ಸೀಟಿನ ಮೇಲೆ. ಗೋಡೆಗೆ ಆನಿಸಿಕೊಂಡು ಸೀಟಿನಲ್ಲಿ ಕೂತು, ಪೆಡಲು ಅತಿ ಕೆಳಗೆ ಇರುವಾಗ ಹಿಮ್ಮಡಿ ಇಡಿ. ಕಾಲು ನೇರವಾಗಬೇಕು. ಆಮೇಲೆ ಪಾದದ ಮುಂಭಾಗ ಇಟ್ಟು ತುಳಿದರೆ ಮಂಡಿಯಲ್ಲಿ ಸ್ವಲ್ಪ ಬಾಗು ತಾನಾಗಿ ಬರುತ್ತದೆ. ಸಾಮಾನ್ಯವಾಗಿ ಮಂಡಿಯ ಎದುರು ನೋವಾದರೆ ಸೀಟು ತಗ್ಗು, ಹಿಂದೆ ನೋವಾದರೆ ಎತ್ತರ. ನಮ್ಮ ಹೆಚ್ಚಿನ ಹುಡುಗರ ಸೀಟು ತಗ್ಗಿನಲ್ಲೇ ಇರುತ್ತದೆ, ಕಾಲು ನೆಲಕ್ಕೆ ತಾಗಲಿ ಎಂದು. ಸೀಟು ಸರಿಮಾಡಿದ ಮೇಲೂ ನೋವು ಉಳಿದರೆ ವೈದ್ಯರಿಗೆ ತೋರಿಸಿ, ಮುಲಾಮು ಹಚ್ಚಿ ಮುಂದುವರಿಯಬೇಡಿ. ನಲವತ್ತು ದಾಟಿದವರು, ಬಿಪಿ, ಶುಗರ್ ಇರುವವರು ಶುರುಮಾಡುವ ಮೊದಲೇ ವೈದ್ಯರನ್ನು ಕಾಣುವುದು ಒಳ್ಳೆಯದು.

ಎರಡನೆಯದು ಹೊಟ್ಟೆ. ಒಂದೂವರೆ ಗಂಟೆ ದಾಟಿದ ಸವಾರಿಯಲ್ಲಿ ಗಂಟೆಗೆ 30ರಿಂದ 60 ಗ್ರಾಂ ಕಾರ್ಬೋಹೈಡ್ರೇಟ್ ದೇಹಕ್ಕೆ ಬೇಕು. ಒಂದು ಸಾಧಾರಣ ಬಾಳೆಹಣ್ಣಿನಲ್ಲಿ ಸುಮಾರು 25 ಗ್ರಾಂ ಉಂಟು, ಒಂದು ಸಣ್ಣ ತುಂಡು ಬೆಲ್ಲದಲ್ಲಿ ಸುಮಾರು 20. ಅಂದರೆ ಗಂಟೆಗೆ ಒಂದು ಬಾಳೆಹಣ್ಣು, ಒಂದು ತುಂಡು ಬೆಲ್ಲ. ಪೊಟ್ಟಣದ ಜೆಲ್ಲು ಬೇಡ. ನೀರು ಗಂಟೆಗೆ ಅರ್ಧ ಲೀಟರಿನಷ್ಟು, ಸೆಕೆಯಲ್ಲಿ ಇನ್ನೂ ಸ್ವಲ್ಪ. ನಮ್ಮಲ್ಲಿ ಬೆವರು ಜಾಸ್ತಿ, ಬೆವರಿನಲ್ಲಿ ಉಪ್ಪು ಹೋಗುತ್ತದೆ. ಬರೇ ನೀರು ಕುಡಿಯುತ್ತಾ ಹೋದರೆ ಸಾಲದು. ಪುನರ್ಪುಳಿ ನೀರಿಗೆ ಬೆಲ್ಲ, ಒಂದು ಚಿಟಿಕೆ ಉಪ್ಪು ಹಾಕಿ ಬಾಟ್ಲಿಯಲ್ಲಿ ಇಟ್ಟುಕೊಳ್ಳಿ. ಹೊರಡುವ ಎರಡು ಗಂಟೆ ಮೊದಲು ಕುಚಲಕ್ಕಿ ಗಂಜಿ, ಉಪ್ಪಿನಕಾಯಿ. ಹಸಿವಾದ ಮೇಲೆ ತಿಂದರೆ ತಡವಾಯಿತು, ಹಸಿವಾಗುವ ಮೊದಲೇ ತಿನ್ನಬೇಕು.

ಮೂರನೆಯದು ನಿದ್ದೆ. ಡಿಸೆಂಬರ್, ಜನವರಿ ಎಂದರೆ ನಮ್ಮಲ್ಲಿ ಅಡಿಕೆ ಕೊಯ್ಲು, ಕೋಲ, ಆಟದ ಕಾಲ. ಬೆಳಗಿನವರೆಗೆ ಯಕ್ಷಗಾನ ನೋಡಿ ಹಾಗೇ ಸೈಕಲ್ ಹತ್ತಬೇಡಿ. ಆ ಭಾನುವಾರ ಬಿಟ್ಟುಬಿಡಿ. ಒಂದು ವಾರ ತಪ್ಪಿದರೆ ಏನೂ ಆಗುವುದಿಲ್ಲ. ತೂಕಡಿಸುತ್ತಾ ತಿರುವಿನಲ್ಲಿ ಬಿದ್ದರೆ ಆಗುತ್ತದೆ.

ಆನೆಯೂ ಲಾರಿಯೂ

ನಮ್ಮ ಕಡೆ ತರಬೇತಿ ಎಂದರೆ ಕಾಲಿನ ವಿಷಯ ಮಾತ್ರ ಅಲ್ಲ. ಬೆಳಿಗ್ಗೆ ನಾಲ್ಕಕ್ಕೇ ಹೊರಡಿ ಎಂದು ಪೇಟೆಯ ಯೂಟ್ಯೂಬ್‌ನವರು ಹೇಳುತ್ತಾರೆ. 2023ರ ಫೆಬ್ರವರಿಯಲ್ಲಿ ಕಡಬ ತಾಲೂಕಿನ ರೆಂಜಿಲಾಡಿಯಲ್ಲಿ ಬೆಳಗಿನ ಹೊತ್ತು ಆನೆ ದಾಳಿಗೆ ಇಬ್ಬರು ಪ್ರಾಣ ಕಳೆದುಕೊಂಡದ್ದನ್ನು ನಾವು ಮರೆಯುವ ಹಾಗಿಲ್ಲ. ಅವರಲ್ಲಿ ಒಬ್ಬಳು ಹಾಲಿನ ಸೊಸೈಟಿಯ ಕೆಲಸಕ್ಕೆ ಹೊರಟ ಹುಡುಗಿ. ಮರ್ದಾಳ, ಬಿಳಿನೆಲೆ ಕಡೆಯ ಕಾಡಿನಂಚಿನ ರಸ್ತೆಯಲ್ಲಿ ಪೂರ್ತಿ ಬೆಳಕು ಬಂದ ಮೇಲೆಯೇ ಹೋಗಿ, ಒಬ್ಬರೇ ಹೋಗಬೇಡಿ. ಹಿಂದಿನ ದಿನ ಅಲ್ಲಿನ ಪರಿಚಯದವರಿಗೆ ಫೋನ್ ಮಾಡಿ ಆನೆ ಸಂಚಾರ ಉಂಟಾ ಎಂದು ಕೇಳಿ.

ಶಿರಾಡಿ ಘಾಟಿಗೆ ಅಭ್ಯಾಸಕ್ಕೆಂದು ಹೋಗಬೇಡಿ. ಲಾರಿ, ಟ್ಯಾಂಕರ್, ಬಸ್ಸುಗಳ ನಡುವೆ ಸೈಕಲಿಗೆ ಜಾಗವೇ ಇಲ್ಲ. ಏರಿನ ಅಭ್ಯಾಸಕ್ಕೆ ಊರಿನ ಒಳ ರಸ್ತೆಗಳು ಬೇಕಾದಷ್ಟಿವೆ. ಮಳೆಗಾಲದಲ್ಲಿ ಪಾಚಿ ಹಿಡಿದ ರಸ್ತೆಯ ಮೇಲೆ ದೂರದ ಸವಾರಿ ಬೇಡ. ರಿಮ್ ಒದ್ದೆಯಾದರೆ ಸಾದಾ ಬ್ರೇಕು ಹಿಡಿಯುವುದಿಲ್ಲ. ಹೆಲ್ಮೆಟ್, ಹಿಂದೆ ಕೆಂಪು ಲೈಟು, ಮುಂದೆ ಬಿಳಿ ಲೈಟು, ಇವಕ್ಕೆ ಮೊದಲು ಹಣ ಹಾಕಿ. ಬಣ್ಣದ ಜೆರ್ಸಿ ಆಮೇಲೆ.

"ಗೆಯ್ದು ಸುಸ್ತಾದವನಿಗೆ ಇದೆಲ್ಲ ಯಾಕೆ?"

ಈ ಪ್ರಶ್ನೆ ನಮಗೆ ಹಿರಿಯರಿಂದ ಬಂದಿದೆ. ದಿನವಿಡೀ ತೋಟದಲ್ಲಿ ದುಡಿದವನಿಗೆ ಮತ್ತೆ ಸೈಕಲ್ ತುಳಿಯಲು ಯಾರೂ ಒತ್ತಾಯ ಮಾಡುವುದಿಲ್ಲ. ಅವನ ಮೈಗೆ ವಿಶ್ರಾಂತಿಯೇ ಬೇಕು. ಈ ಮಾತು ನಿಜ. ಆದರೆ ಈಗ ಊರಿನಲ್ಲಿ ಇರುವವರೆಲ್ಲ ಗೆಯ್ಯುವವರೂ ಅಲ್ಲ. ಅಂಗಡಿಯಲ್ಲಿ ಕೂರುವವರು, ಆಫೀಸಿನವರು, ಕಾಲೇಜಿಗೆ ಬಸ್ಸಿನಲ್ಲಿ ಹೋಗುವವರು, ಅರ್ಧ ಕಿಲೋಮೀಟರಿಗೂ ಸ್ಕೂಟರ್ ತೆಗೆಯುವವರು ನಾವೇ ತುಂಬ ಇದ್ದೇವೆ.

ಇನ್ನೊಂದು ಮಾತು ಮಕ್ಕಳದ್ದು. 2006-07ರಲ್ಲಿ ನಮ್ಮ ರಾಜ್ಯ ಸರ್ಕಾರ ಎಂಟನೇ ತರಗತಿಯ ಮಕ್ಕಳಿಗೆ ಉಚಿತ ಸೈಕಲ್ ಕೊಡಲು ಶುರುಮಾಡಿತು. ಶಾಲೆಗೆ ನಡೆಯುತ್ತಿದ್ದ ಎಷ್ಟೋ ಹೆಣ್ಣುಮಕ್ಕಳು ಮೊದಲ ಬಾರಿಗೆ ಗಾಳಿಗೆ ಎದುರಾಗಿ ತುಳಿದದ್ದು ಆ ಸೈಕಲಿನಲ್ಲಿ. ಕೋವಿಡ್ ಕಾಲದಲ್ಲಿ ಅದು ನಿಂತಿತು. ಕೊಟ್ಟ ಸೈಕಲುಗಳು ಈಗ ಸೌದೆ ಕೊಟ್ಟಿಗೆಯಲ್ಲಿ, ಅಡಿಕೆ ಗೋಣಿಯ ಹಿಂದೆ ತುಕ್ಕು ಹಿಡಿಯುತ್ತಿವೆ. ಹೊರತೆಗೆದು ಟಯರು, ಟ್ಯೂಬು, ಬ್ರೇಕ್ ರಬ್ಬರ್ ಬದಲಿಸಿ, ಚೈನಿಗೆ ಎಣ್ಣೆ ಹಾಕಿದರೆ ಮೊದಲ ಎಂಟು ವಾರದ ಅಭ್ಯಾಸಕ್ಕೆ ಅದು ಧಾರಾಳ ಸಾಕು.

ವಿಜಯಪುರ, ಬಾಗಲಕೋಟೆ ಕಡೆ ನೋಡಿ. ರಾಷ್ಟ್ರ ಮಟ್ಟಕ್ಕೆ ಹೋದ ಕರ್ನಾಟಕದ ಸೈಕಲ್ ಪಟುಗಳಲ್ಲಿ ಬಹಳ ಮಂದಿ ಆ ಭಾಗದವರು, ರೈತರ ಮನೆಯ ಮಕ್ಕಳು. ಅಲ್ಲಿ ಸೈಕ್ಲಿಂಗಿಗೆಂದೇ ಸರ್ಕಾರದ ಕ್ರೀಡಾನಿಲಯ ಇದೆ, ಸೈಕಲನ್ನು ಆಟ ಎಂದು ನೋಡುವ ಊರಿನ ಕಣ್ಣಿದೆ. ನಮ್ಮಲ್ಲಿ ಕಬಡ್ಡಿಗೆ ಆ ಕಣ್ಣು ಉಂಟು, ವಾಲಿಬಾಲಿಗೆ ಉಂಟು. ಸೈಕಲ್ ತುಳಿಯುವವನನ್ನು ಕಂಡರೆ ಮಾತ್ರ "ಬೈಕ್ ಹಾಳಾಯ್ತಾ?" ಎಂದು ಕೇಳುತ್ತೇವೆ. ತುಳಿಯುವವಳು ಹುಡುಗಿಯಾದರೆ ಇನ್ನೂ ನಾಲ್ಕು ಪ್ರಶ್ನೆ. ಆ ಪ್ರಶ್ನೆಗಳನ್ನು ನುಂಗಿಕೊಂಡರೆ ಅದೇ ಊರಿನವರು ಮಾಡಬಹುದಾದ ಮೊದಲ ಸಹಾಯ.

ಎರಡನೇ ಸಹಾಯ ಪಂಚಾಯತಿಗೆ ಕೇಳುವುದು. ಡಾಮರು ಹಾಕಿದ ಮೇಲೆ ರಸ್ತೆಯ ಅಂಚು ಅರ್ಧ ಅಡಿ ಎತ್ತರಕ್ಕೆ ನಿಂತಿರುತ್ತದೆ. ಬಸ್ಸಿಗೆ ದಾರಿ ಬಿಡಲು ಸೈಕಲಿನವನು ಕೆಳಗೆ ಇಳಿದರೆ ಬೀಳುವುದು ಖಚಿತ. ಶಾಲೆಗೆ ನಡೆಯುವ ಮಕ್ಕಳೂ, ಸ್ಕೂಟರಿನ ಅಕ್ಕಂದಿರೂ ಬೀಳುವುದು ಅಲ್ಲಿಯೇ. ಆ ಅಂಚಿಗೆ ಮಣ್ಣು ತುಂಬಿಸುವುದು, ತಿರುವುಗಳಲ್ಲಿ ಪೊದೆ ಕಡಿಯುವುದು, ಬಿಳಿ ಗೆರೆ ಹಾಕುವುದು. ಇದಕ್ಕೆ ಕೋಟಿ ಬೇಡ. ಮುಂದಿನ ಗ್ರಾಮಸಭೆಯಲ್ಲಿ ಇದನ್ನು ಬರೆದು ಕೊಡೋಣ. ರಸ್ತೆ ಪಂಚಾಯತಿಯದ್ದಲ್ಲ, ಲೋಕೋಪಯೋಗಿಯದ್ದು ಎಂದರೆ ಅಲ್ಲಿಗೂ ಬರೆಯೋಣ.

ಆ ಹುಡುಗನಿಗೆ

ಸೇನೆಯಲ್ಲಿ ವೈದ್ಯರಾಗಿದ್ದ ಶ್ರೀನಿವಾಸ್ ಗೋಕುಲನಾಥ್ ಎಂಬವರಿದ್ದಾರೆ. ಅಮೆರಿಕವನ್ನು ಒಂದು ತೀರದಿಂದ ಇನ್ನೊಂದು ತೀರಕ್ಕೆ ದಾಟುವ ಸುಮಾರು 4800 ಕಿಲೋಮೀಟರಿನ ಸ್ಪರ್ಧೆಗೆ 2016ರಲ್ಲಿ ಒಂಟಿಯಾಗಿ ಹೋದರು. ಮುಗಿಸಲು ಆಗಲಿಲ್ಲ. ವಾಪಸ್ ಬಂದರು, ಮತ್ತೊಂದು ವರ್ಷ ತಯಾರಿ ಮಾಡಿದರು. 2017ರಲ್ಲಿ 12 ದಿನದ ಒಳಗೆ ಮುಗಿಸಿ, ಅದನ್ನು ಒಂಟಿಯಾಗಿ ಪೂರ್ತಿಗೊಳಿಸಿದ ಮೊದಲ ಭಾರತೀಯ ಎನಿಸಿಕೊಂಡರು. ಅರ್ಧಕ್ಕೆ ನಿಂತದ್ದು ಅವರಿಗೆ ಅವಮಾನ ಆಗಲಿಲ್ಲ. ಯಾಕೆಂದರೆ ಅವರು ಹಿಂದೆ ಬಂದು ಅಭ್ಯಾಸ ಮಾಡಿದರು.

ತಮ್ಮಾ, ನಿನ್ನ ಲಡಾಖ್ ಎಲ್ಲಿಗೂ ಓಡಿಹೋಗುವುದಿಲ್ಲ. ಈ ಮಳೆ ಕಳೆಯಲಿ. ಸೀಟು ಏರಿಸು. ಹದಿನಾರು ವಾರ ಕೊಡು. ಮೊದಲು ಕಡಬ, ಮರ್ದಾಳ, ಬಿಳಿನೆಲೆ, ಕೈಕಂಬ ದಾಟಿ ಸುಬ್ರಹ್ಮಣ್ಯಕ್ಕೆ ಹೋಗು, ಕುಮಾರಧಾರೆಯಲ್ಲಿ ಮುಖ ತೊಳೆದು ಅದೇ ದಿನ ಸೈಕಲಿನಲ್ಲೇ ಮನೆಗೆ ಬಾ. ಮರುದಿನ ಬೆಳಿಗ್ಗೆ ಮಂಡಿ ನೋವಿಲ್ಲದೆ ಅಂಗಳಕ್ಕೆ ಇಳಿದರೆ ನಮಗೊಂದು ಫೋನ್ ಮಾಡು.

ಆ ದಿನ ನಾವು ಕ್ಯಾಮೆರಾ ಹಿಡಿದುಕೊಂಡು ಬರುತ್ತೇವೆ. ಹೊರಟ ಸುದ್ದಿ ಅಲ್ಲ, ಬಂದು ಮುಟ್ಟಿದ ಸುದ್ದಿ ಬರೆಯುತ್ತೇವೆ.